ಯಾರ ರಾಗಿ, ಯಾರ ಎತ್ತು: ಯುದ್ಧದ ದಿನಚರಿಯನ್ನು ಗಟ್ಟಿಯಾಗಿ ಓದುವುದು



ನನ್ನ ಮಾತಿಗೆ ಮೊದಲು ರಾಮನಗರದ ಈ ಕಾಲೇಜಿನ ವಿದ್ಯಾರ್ಥಿಗಳು ಎರಡು ಹಳೆಯ ಪುಸ್ತಕಗಳಿಂದ ಆಯ್ದ ಪುಟಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದರು. ಮೊದಲನೆಯದು ಅಲೆಕ್ಸಾಂಡರ್ ಡಿರೋಮ್ ಎಂಬ ಬ್ರಿಟಿಷ್ ಸೇನಾಧಿಕಾರಿ 1793ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ, ಟಿಪ್ಪು ಸುಲ್ತಾನನ ಮೇಲಿನ ದಂಡಯಾತ್ರೆಯ ಕಥನ. ಅದು ದಿನಾಂಕಗಳನ್ನು ಹಿಡಿದುಕೊಂಡು ಸಾಗುತ್ತದೆ: ಇಂದು ಎಲ್ಲಿ ಬೀಡು, ನಾಳೆ ಯಾವ ಕೋಟೆ, ಎಷ್ಟು ಫಿರಂಗಿ. ಎರಡನೆಯದು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಇದೇ ನೆಲದಲ್ಲಿ ಓಡಾಡುತ್ತ ದಿನದಿನವೂ ಬರೆದಿಟ್ಟ ಪ್ರವಾಸದ ದಿನಚರಿ. ಅದು 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಒಂದು ಯುದ್ಧ ನಡೆಯುವಾಗಿನ ದಾಖಲೆ, ಇನ್ನೊಂದು ಹೊಗೆ ಆರಿದ ಮೇಲಿನದು.

ಇಂದಿನ ದತ್ತಿ ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಟಿಪ್ಪುವಿನ ಪರ, ವಿರೋಧದ ವಾದಕ್ಕೆ ನಾನು ಇಳಿಯುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ಕಾರ್ನ್‌ವಾಲಿಸನ ಯುದ್ಧತಂತ್ರವನ್ನು ಅಳೆಯುವ ಕೆಲಸವನ್ನೂ ಇತಿಹಾಸಕಾರರಿಗೆ ಬಿಡುತ್ತೇನೆ. ನಾಲ್ಕು ವಿಷಯಗಳನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಒಂದು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳ ನೆಲ ಯುದ್ಧಕ್ಕೆ ಏಕೆ ಬೇಕಾಯಿತು. ಎರಡು, ಇಲ್ಲಿನ ಹುಲ್ಲು, ನೀರು, ಎತ್ತುಗಳಿಗೆ ಏನಾಯಿತು. ಮೂರು, ದಿನಚರಿ ಬರೆಯದ ಜನರ ಮಾತು ಎಲ್ಲಿ ಸಿಗುತ್ತದೆ. ನಾಲ್ಕು, ಇದನ್ನೆಲ್ಲ ಓದಿದ ಕಿವಿಯಿಂದ ಇವತ್ತಿನ ಒಂದು ಯುದ್ಧವನ್ನು, ಸುಡಾನಿನ ಯುದ್ಧವನ್ನು, ಹೇಗೆ ಕೇಳಿಸಿಕೊಳ್ಳಬೇಕು. ಯುದ್ಧದ ಬರಹವನ್ನು ಓದುವಾಗ ಗೆದ್ದವರು ಯಾರು ಎಂಬ ಪ್ರಶ್ನೆಗಿಂತ ಮೊದಲು, ಅವರು ಉಂಡದ್ದು ಯಾರ ರಾಗಿ, ಫಿರಂಗಿ ಎಳೆದದ್ದು ಯಾರ ಎತ್ತು ಎಂದು ಕೇಳಬೇಕು. ನನ್ನ ವಾದ ಇಷ್ಟೇ.

ಮೊದಲನೆಯ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ನೇರ ದಾರಿ ಆಗಲೂ ರಾಮಗಿರಿ, ಚನ್ನಪಟ್ಟಣಗಳ ಮೂಲಕವೇ ಹೋಗುತ್ತಿತ್ತು. ದಕ್ಷಿಣಕ್ಕೆ ಸ್ವಲ್ಪ ಸುತ್ತಾದ ದಾರಿ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ, ಅಲ್ಲಿಂದ ಮಳವಳ್ಳಿಯ ಕಡೆಗೆ. ಉತ್ತರದ ಅಂಚಿನಲ್ಲಿ ಮಾಗಡಿ, ಸಾವನದುರ್ಗ, ಅದರಾಚೆ ಹುತ್ರಿದುರ್ಗ, ಹುಲಿಯೂರುದುರ್ಗ. ಈ ದಾರಿಗಳ ಪಕ್ಕದಲ್ಲೆಲ್ಲ ಬಂಡೆಗುಡ್ಡಗಳು, ಗುಡ್ಡಗಳ ನೆತ್ತಿಯಲ್ಲಿ ಕೋಟೆಗಳು. ರಾಮಗಿರಿಯ ರಾಮದೇವರ ಬೆಟ್ಟ ಎಂದರೆ ನಮಗೆ 1975ರ 'ಶೋಲೆ' ಚಿತ್ರ ನೆನಪಾಗುತ್ತದೆ, ತೀರ ಈಚಿನವರಿಗೆ ರಣಹದ್ದುಗಳ ಧಾಮ. ಆದರೆ 1791ರಲ್ಲಿ ಆ ಬೆಟ್ಟಕ್ಕೆ ಇದ್ದ ಬೆಲೆ ಬೇರೆ. ಮೇಲಿದ್ದವನ ಕಣ್ಣಿಗೆ ಕೆಳಗಿನ ದಾರಿಯಲ್ಲಿ ಹೋಗುವ ಪ್ರತಿಯೊಂದು ಹೇರೂ ಬೀಳುತ್ತಿತ್ತು.

ಆ ಹೇರುಗಳಲ್ಲಿ ಇದ್ದದ್ದು ಧಾನ್ಯ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕುವ ಸೇನೆಗೆ ಬೆಂಗಳೂರಿನಿಂದ ಅಕ್ಕಿ, ಮದ್ದುಗುಂಡು ಎಡೆಬಿಡದೆ ಬರುತ್ತಿರಬೇಕು. ಬಂಜಾರರು ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬರುತ್ತಿದ್ದರು. ನಮ್ಮ ಲಂಬಾಣಿ ಜನರ ಹಿರಿಯರು ಇಲ್ಲದಿದ್ದರೆ ಕಂಪನಿಯ ಸೇನೆ ಮಾತ್ರವಲ್ಲ, ಆ ಕಾಲದ ಯಾವ ಸೇನೆಯೂ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ನಡುವೆ ಸಾವನದುರ್ಗ, ರಾಮಗಿರಿ, ಶಿವನಗಿರಿಗಳು ಶತ್ರುವಿನ ಕೈಯಲ್ಲಿದ್ದರೆ ಆ ಹೇರು ಮುಟ್ಟುವ ನಂಬಿಕೆಯಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್ ಈ ಗುಡ್ಡಗಳ ಮೇಲೆ ಬಿದ್ದದ್ದು ಧಾನ್ಯದ ದಾರಿಯನ್ನು ತೆರೆಯುವುದಕ್ಕೆ.

ಸಾವನದುರ್ಗದ ಪುಟಗಳನ್ನು ವಿದ್ಯಾರ್ಥಿಗಳು ಓದುವಾಗ ನೀವು ಗಮನಿಸಿರುತ್ತೀರಿ, ಬರೆದವನ ಲೇಖನಿ ಅಲ್ಲಿ ಹುರುಪುಗೊಳ್ಳುತ್ತದೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರಗಳಾಗಿ ಸೀಳಿ ನಿಂತ ಆ ಏಕಶಿಲೆ ಸಮುದ್ರಮಟ್ಟದಿಂದ 1,200 ಮೀಟರಿಗೂ ಎತ್ತರ. ಸುತ್ತ ದಟ್ಟ ಬಿದಿರಿನ ಕಾಡು, ಕಾಡಿನಲ್ಲಿ ಮಲೇರಿಯಾದಂಥ ವಿಷಮ ಜ್ವರ. ಮುತ್ತುವ ಸೇನೆಯ ಅರ್ಧವನ್ನು ಜ್ವರವೇ ನುಂಗುತ್ತದೆ, ಉಳಿದರ್ಧವನ್ನು ಕೋಟೆಯವರು ನೋಡಿಕೊಳ್ಳುತ್ತಾರೆ ಎಂದು ಟಿಪ್ಪು ಹಿಗ್ಗಿದ್ದನಂತೆ. ಡಿಸೆಂಬರ್ 17ರಂದು ಫಿರಂಗಿಗಳು ಶುರುವಾದವು, 21ರಂದು ಸೈನಿಕರು ಹತ್ತಿದರು. ದಾಳಿಗೆ ಮೊದಲು 52ನೇ ರೆಜಿಮೆಂಟಿನ ವಾದ್ಯಮೇಳ ಹುರಿದುಂಬಿಸುವ ರಾಗವೊಂದನ್ನು ನುಡಿಸಿತು. ಹತ್ತಿದವರ ಕಡೆ ಗಾಯಗೊಂಡವನು ಒಬ್ಬ ಸಾಮಾನ್ಯ ಸಿಪಾಯಿ ಮಾತ್ರ ಎಂದು ದಾಖಲೆ ಹೇಳುತ್ತದೆ. ಕೋಟೆಯೊಳಗಿದ್ದವರು ಕಡಿದಾದ ಬಂಡೆಗಳ ಮೇಲೆ ಓಡಿದರು. ಅವರಲ್ಲಿ ಸತ್ತವರನ್ನು 'ನೂರಕ್ಕೂ ಮೇಲೆ' ಎಂದು ಅಂದಾಜಿನಲ್ಲಿ ಮುಗಿಸಲಾಗಿದೆ. ರಾಮಗಿರಿ, ಶಿವನಗಿರಿಗಳು ಹೆಚ್ಚು ಕಾದಾಡದೆ ಶರಣಾದವು. ಮೂರು ದಿನಗಳಲ್ಲಿ ಹುತ್ರಿದುರ್ಗವೂ ಬಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕಣ್ಣಿನಲ್ಲಿ ಓದುವಾಗ ನಾವು ಈ ಎರಡು ಲೆಕ್ಕಗಳನ್ನು ದಾಟಿ ಹೋಗುತ್ತೇವೆ. ಬಾಯಿಬಿಟ್ಟು ಓದುವಾಗ ಹಾಗೆ ದಾಟಲಾಗುವುದಿಲ್ಲ. ಒಂದು ಕಡೆ 'ಒಬ್ಬ' ಎನ್ನಬೇಕು, ಇನ್ನೊಂದು ಕಡೆ 'ನೂರಕ್ಕೂ ಮೇಲೆ' ಎನ್ನಬೇಕು. ಹಾಗೆ ಎನ್ನುವಾಗ ಒಂದು ಕಡೆ ಎಣಿಕೆ ನಡೆದಿದೆ, ಮತ್ತೊಂದು ಕಡೆ ನಡೆದಿಲ್ಲ ಎಂಬುದು ಓದುವವರಿಗೂ ಕೇಳುವವರಿಗೂ ಒಟ್ಟಿಗೇ ತಟ್ಟುತ್ತದೆ. ಸತ್ತ ಆ ನೂರರಲ್ಲಿ ಮಾಗಡಿ ಸೀಮೆಯವರು ಎಷ್ಟು ಮಂದಿ, ಕಂದಾಚಾರದ, ಅಂದರೆ ಸ್ಥಳೀಯ ಕಾವಲು ಪಡೆಯ, ಪೇದೆಗಳು ಎಷ್ಟು ಮಂದಿ, ಆ ಪುಸ್ತಕ ಅದನ್ನು ವಿಚಾರಿಸುವುದೇ ಇಲ್ಲ.

ಈಗ ಎರಡನೆಯ ವಿಷಯ: ಹುಲ್ಲು, ನೀರು, ಎತ್ತು. ಇದಕ್ಕೆ ನಾವು ಮಾಗಡಿಯಿಂದ ಕನಕಪುರಕ್ಕೆ ಬರಬೇಕು, ಕಾಲದಲ್ಲಿ ಏಳು ತಿಂಗಳು ಹಿಂದಕ್ಕೂ ಹೋಗಬೇಕು.

1791ರ ಮೇ ತಿಂಗಳ ಆರಂಭದಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಮೇವು ಸುಡಿಸಿ, ಬೆಟ್ಟದ ಕೋಟೆಗಳನ್ನು ಬಿಗಿಮಾಡಿ ಕಾದಿದ್ದ. ಹಾಗಾಗಿ ಸೇನೆ ಕಾನಕಾನಹಳ್ಳಿಯ ದಾರಿ ಹಿಡಿಯಿತು. ಆ ದಾರಿಯಲ್ಲೂ ಅದಕ್ಕೆ ಸಿಕ್ಕಿದ್ದು ಸುಟ್ಟ ಹಳ್ಳಿಗಳು, ಜನರಿಲ್ಲದ ಬೀದಿಗಳು. ಒಂದೊಂದು ಭಾರಿ ಫಿರಂಗಿಗೆ ಹತ್ತಾರು ಜೊತೆ ಎತ್ತು ಕಟ್ಟಬೇಕು, ಆ ಎತ್ತಿಗೆ ಮೇವಿಲ್ಲ. ಮೇಲಿನಿಂದ ಮಳೆ ಹಿಡಿಯಿತು, ಬೀಡಿನಲ್ಲಿ ಸಿಡುಬು ಹಬ್ಬಿತು. ಮೇ 15ರಂದು ಅರಕೆರೆಯ ಬಳಿ ಕಾಳಗದಲ್ಲಿ ಗೆದ್ದರೂ, ಶ್ರೀರಂಗಪಟ್ಟಣ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ, ಎಳೆಯುವ ಎತ್ತುಗಳೇ ಇಲ್ಲದೆ ಕಾರ್ನ್‌ವಾಲಿಸ್ ಆ ತಿಂಗಳ ಕೊನೆಗೆ ಕಣ್ಣಂಬಾಡಿಯ ಬಳಿ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಗೆದ್ದ ಸೇನೆಯನ್ನು ಹಿಂದಕ್ಕೆ ಅಟ್ಟಿದ್ದು ಹಸಿದ ಎತ್ತು.

ಇದನ್ನು ಜಾಣ ಯುದ್ಧತಂತ್ರ ಎಂದು ಹೊಗಳುವುದು ಸುಲಭ. ಗಟ್ಟಿಯಾಗಿ ಓದಿದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಸುಟ್ಟದ್ದು ಯಾರ ಹುಲ್ಲು? ಕನಕಪುರದ ರೈತನ ಮನೆಯ ಹಿಂದಿನ ಬಣವೆ. ಅವನ ಹಳ್ಳಿಕಾರ್ ಜೋಡಿಯೂ ಅದನ್ನೇ ತಿನ್ನಬೇಕಿತ್ತು. ಮೇ ತಿಂಗಳು ಎಂದರೆ ನಮ್ಮ ಸೀಮೆಯಲ್ಲಿ ಮುಂಗಾರಿಗೆ ಹೊಲ ಹದಮಾಡುವ ಹೊತ್ತು. ಮೇವು ಹೋದರೆ ಎತ್ತಿಲ್ಲ, ಎತ್ತಿಲ್ಲದಿದ್ದರೆ ಉಳುಮೆಯಿಲ್ಲ, ಉಳುಮೆಯಿಲ್ಲದಿದ್ದರೆ ಮುಂದಿನ ವರ್ಷದ ರಾಗಿಯಿಲ್ಲ. ಹಗೇವಿನಲ್ಲಿ ಮುಚ್ಚಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ನಿಜ. ಆದರೆ ನೆಲ ಬಗೆದು ಧಾನ್ಯ ತೆಗೆಯುವುದು ಎಲ್ಲ ಸೇನೆಗಳಿಗೂ ಗೊತ್ತಿದ್ದ ವಿದ್ಯೆ. ದಂಡು ಹಾದುಹೋದದ್ದು ಕೆಲವು ದಿನ, ಅದರ ಹಸಿವು ಉಳಿದದ್ದು ಎರಡು ಮೂರು ಬೆಳೆಗಳಷ್ಟು ಕಾಲ.

ಎಂಟು ವರ್ಷಗಳ ಮೇಲೆ, 1799ರ ಮಾರ್ಚಿನಲ್ಲಿ, ಇದೇ ಕಥೆ ಮತ್ತೆ ನಡೆಯಿತು. ಕಂಪನಿಯ ಜನರಲ್ ಹ್ಯಾರಿಸನ ಸೇನೆ ಮತ್ತೆ ಕಾನಕಾನಹಳ್ಳಿಯ ದಾರಿಯಲ್ಲೇ ಮಳವಳ್ಳಿಯ ಕಡೆಗೆ ನಡೆಯಿತು. ದಾರಿಯಲ್ಲಿದ್ದ ಅಚ್ಚಲಿನ ಕೆರೆಗಳ ಏರಿಗಳನ್ನು ಒಡೆದು ನೀರು ಬಿಟ್ಟುಬಿಡಲು ಟಿಪ್ಪುವಿನ ಕಡೆಯವರು ಕೈಹಾಕಿದ್ದರು. ಕಂಪನಿಯ ತುಕಡಿಯೊಂದು ಮುಂದಾಗಿ ಹೋಗಿ ಅದನ್ನು ತಡೆಯಿತು. ಸೈನಿಕರಿಗೆ ಅದು ಒಂದು ದಿನದ ಕುಡಿಯುವ ನೀರು. ಹಳ್ಳಿಗೆ ಅದು ತಲೆಮಾರುಗಳು ಮಣ್ಣು ಹೊತ್ತು ಕಟ್ಟಿದ ಏರಿ. ಕನಕಪುರ ಪಟ್ಟಣವನ್ನು ಶತ್ರುವಿಗೆ ಉಪಯೋಗವಾಗದಂತೆ ಟಿಪ್ಪು ಎರಡು ಬಾರಿ ಹಾಳುಗೆಡವಿಸಿದ ಎಂದು ಗೆಜೆಟಿಯರುಗಳು ಹೇಳುತ್ತವೆ. ಹಾಳುಮಾಡಿದವನು ಆ ಊರಿನ ದೊರೆಯೇ, ಮಾಡಿಸಿದ್ದು ಹೊರಗಿನಿಂದ ಬಂದ ಸೇನೆ. ಊರಿನವರಿಗೆ ಎರಡೂ ಒಂದೇ.

ಮೂರನೆಯ ಸೇನೆಯನ್ನೂ ಮರೆಯಬಾರದು. 1791ರಲ್ಲಿ ಕಾರ್ನ್‌ವಾಲಿಸನ ಮಿತ್ರರಾಗಿ ಬಂದ ಮರಾಠರ ಸವಾರರು ಶೃಂಗೇರಿ ಮಠವನ್ನು ಕೊಳ್ಳೆಹೊಡೆದರು. ಆಗ ಟಿಪ್ಪು ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ತನ್ನ ರೈತರ ಬಣವೆಗೆ ಬೆಂಕಿ ಇಡಿಸಿದ ದೊರೆಯೇ ಕೊಳ್ಳೆಯಾದ ಮಠಕ್ಕೆ ನೆರವು ಕಳಿಸಿದ. ಯುದ್ಧದ ಕಾಲದ ಮನುಷ್ಯರನ್ನು ಒಂದೇ ಬಣ್ಣದಲ್ಲಿ ಬರೆಯಲು ಬರುವುದಿಲ್ಲ. ಯಾವ ಬಾವುಟದ ಕೆಳಗೆ ಬಂದರೂ ದಂಡಿನ ಹೊಟ್ಟೆ ಮಾತ್ರ ಒಂದೇ ಬಗೆಯದು.

ಮೂರನೆಯ ವಿಷಯಕ್ಕೆ ದಾಟುತ್ತೇನೆ: ದಿನಚರಿ ಬರೆಯದವರ ಮಾತು ಎಲ್ಲಿದೆ?

ಬುಕಾನನ್ ಇಲ್ಲಿಗೆ ಬಂದದ್ದು 1800ರಲ್ಲಿ. ಗೆದ್ದುಕೊಂಡ ರಾಜ್ಯದ ಕೃಷಿ, ಕಸುಬು, ವ್ಯಾಪಾರಗಳನ್ನು ವಿಚಾರಿಸಿ ವರದಿ ಮಾಡು ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಆ ವರ್ಷದ ಫೆಬ್ರವರಿಯಲ್ಲಿ ಅವನಿಗೆ ಆಜ್ಞೆ ಮಾಡಿದ್ದ. ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ. ಅವನೂ ಕಂಪನಿಯ ನೌಕರನೇ. ಈ ನೆಲದಿಂದ ಕಂಪನಿಗೆ ಏನು ಸಿಗಬಹುದು ಎಂದು ನೋಡಲು ಬಂದವನೇ. ಆದರೂ ಅವನ ಪುಟಗಳನ್ನು ಓದುವಾಗ ಸಭೆಯ ಕಿವಿ ನೆಟ್ಟಗಾಗುತ್ತದೆ, ಏಕೆಂದರೆ ಅವನು ಪ್ರಶ್ನೆ ಕೇಳುತ್ತಾನೆ. ಊರಿನಲ್ಲಿ ಮೊದಲು ಎಷ್ಟು ಮನೆ ಇದ್ದವು, ಈಗ ಎಷ್ಟು? ರಾಗಿ ಬಿತ್ತುವುದು ಯಾವಾಗ, ಜೊತೆಗೆ ಅವರೆ ಹಾಕುತ್ತೀರಾ? ಎತ್ತಿನ ಬೆಲೆ ಏನು? ಮಾಗಡಿಯ ಸುತ್ತ ಕಬ್ಬಿಣ ಕರಗಿಸುವವರ ಕುಲುಮೆಗಳ ಮುಂದೆ ಕೂತು ಅದಿರು, ಇದ್ದಿಲು, ಕೂಲಿಗಳ ಲೆಕ್ಕ ಬರೆದುಕೊಂಡ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಹಾಕುವ ಉಕ್ಕಿನ ತಂತಿ, ಗಾಜು, ಬಿಳಿ ಸಕ್ಕರೆ ಹೇಗೆ ಆಗುತ್ತವೆ ಎಂದು ವಿಚಾರಿಸಿದ. ಆ ತಂತಿ ದೇಶದ ದೂರದ ಮೂಲೆಗಳಿಗೂ ಹೋಗುತ್ತಿತ್ತು. ಕೆಲವೇ ವರ್ಷಗಳ ಹಿಂದೆ ಸುಡುವ ದಂಡುಗಳು ಓಡಾಡಿದ ಸೀಮೆಯಲ್ಲಿ ವೀಣೆಯ ತಂತಿ ಎಳೆಯುವವರು ಉಳಿದಿದ್ದರು ಎಂಬುದು ಸೇನಾಧಿಕಾರಿಯ ಪುಸ್ತಕದಿಂದ ತಿಳಿಯುವುದಿಲ್ಲ.

ಅದೇ 1800ರಲ್ಲಿ ದಿವಾನ್ ಪೂರ್ಣಯ್ಯನವರು ಕಾಡುಗುಡ್ಡಗಳ ನಡುವಿನ ಹೆದ್ದಾರಿಗೆ ರಕ್ಷಣೆ ಇರಲೆಂದು ಇಲ್ಲಿ ಒಂದು ಊರು ಕಟ್ಟಿಸಿದರು. ಅದಕ್ಕೆ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರು ಬಂದು ಕ್ಲೋಸ್‌ಪೇಟೆಯಾಯಿತು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ರಾಮನಗರವಾಯಿತು. ನಾವು ಈಗ ಕೂತಿರುವ ಊರು ಹುಟ್ಟಿದ್ದೇ ಯುದ್ಧದ ಮರುವರ್ಷ, ದಾರಿಯ ಭಯದಿಂದ.

ಬುಕಾನನ್ನನ ದಿನಚರಿಯಲ್ಲಿ ಜನ ಉತ್ತರ ಕೊಡುತ್ತಾರೆ, ಆದರೆ ಅವನು ಕೇಳಿದ್ದಕ್ಕೆ ಮಾತ್ರ. ಕೇಳದೆ ಉಳಿದದ್ದು ಹಾಡಿಗೆ ಹೋಯಿತು, ಲಾವಣಿಗೆ ಹೋಯಿತು. ಟಿಪ್ಪುವಿನ ಲಾವಣಿಗಳನ್ನು ಈ ಸೀಮೆಯ ಸಂತೆ, ಜಾತ್ರೆಗಳಲ್ಲಿ ಕೇಳಿದ ಹಿರಿಯರು ಈ ಸಭೆಯಲ್ಲಿಯೂ ಇದ್ದೀರಿ. ಈ ಎರಡು ಬಗೆಯ ಸಾಕ್ಷ್ಯಗಳನ್ನೂ ಒಬ್ಬರೇ ಕೈಗೆತ್ತಿಕೊಂಡ ಉದಾಹರಣೆ ನಮ್ಮ ಊರಿನಲ್ಲೇ ಇದೆ. ಎಚ್.ಎಲ್. ನಾಗೇಗೌಡರು ಒಂದು ಕಡೆ 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳಲ್ಲಿ ಹೊರಗಿನಿಂದ ಬಂದ ಪ್ರವಾಸಿಗಳ ಬರಹಗಳನ್ನು ಕನ್ನಡಕ್ಕೆ ತಂದರು. ಇನ್ನೊಂದು ಕಡೆ 1994ರಲ್ಲಿ ಇದೇ ರಾಮನಗರದ ಹೆದ್ದಾರಿಯ ಪಕ್ಕದಲ್ಲಿ ಜಾನಪದ ಲೋಕವನ್ನು ಕಟ್ಟಿ, ಬರೆಯಲು ಬಾರದವರ ಹಾಡು, ಕಥೆಗಳನ್ನು ಧ್ವನಿಯಲ್ಲಿ ಕೂಡಿಟ್ಟರು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಮಾತ್ರ 1791 ಪೂರ್ಣವಾಗುತ್ತದೆ. ದಂಡಿನವನ ದಿನಾಂಕ ಬೇಕು, ಪ್ರವಾಸಿಯ ಪ್ರಶ್ನೆ ಬೇಕು, ಹಾಡುವವಳ ನೆನಪೂ ಬೇಕು.

ಇನ್ನು ಕೊನೆಯ ವಿಷಯ. ಈ ಕಿವಿಯಿಂದ ಇವತ್ತಿನ ಯುದ್ಧವನ್ನು ಕೇಳುವುದು ಹೇಗೆ?

ಸುಡಾನನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದು ದೂರದ ದೇಶ, ನಮ್ಮ ಟಿ.ವಿ. ಚರ್ಚೆಗಳಲ್ಲಿ ಬಾರದ ಯುದ್ಧ. ಆದರೆ ಕನ್ನಡ ನಾಡಿಗೆ ಅದು ಸಂಬಂಧವಿಲ್ಲದ್ದಲ್ಲ. 2023ರ ಏಪ್ರಿಲ್ 15ರಂದು ಅಲ್ಲಿನ ಸೇನೆ ಮತ್ತು ಆರ್.ಎಸ್.ಎಫ್. ಎಂಬ ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾದಾಗ, ಗಿಡಮೂಲಿಕೆಯ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಖಾರ್ಟೂಮ್, ಅಲ್ ಫಾಶಿರ್ ನಗರಗಳಲ್ಲಿ ಸಿಕ್ಕಿಬಿದ್ದರು. ಮೈಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಹಾಡಿಗಳ ಮಕ್ಕಳು, ಹೆಂಗಸರು, ಗಂಡಸರು ಗುಂಡಿನ ಸದ್ದಿನ ನಡುವೆ ಮೊಬೈಲಿನಲ್ಲಿ ಮಾತಾಡಿ ಕಳಿಸಿದ ದೃಶ್ಯಗಳನ್ನು ಕನ್ನಡಿಗರು ನೋಡಿದರು. ಅವರು ಹೇಳಿಕೊಂಡದ್ದು ಎರಡೇ ಸಂಕಟ: ಅನ್ನವಿಲ್ಲ, ನೀರಿಲ್ಲ. ಅವರನ್ನೂ ಇತರ ಭಾರತೀಯರನ್ನೂ ಪೋರ್ಟ್ ಸುಡಾನಿಗೆ ಸಾಗಿಸಿ, ಅಲ್ಲಿಂದ ಹಡಗು, ವಿಮಾನಗಳಲ್ಲಿ ಜೆಡ್ಡಾಕ್ಕೆ, ಮುಂದೆ ತಾಯ್ನಾಡಿಗೆ ಕರೆತಂದ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು 'ಆಪರೇಷನ್ ಕಾವೇರಿ'.

ನಮ್ಮವರು ಬಂದರು. ಅಲ್ಲಿಯವರು ಉಳಿದರು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಅಲ್ ಫಾಶಿರ್ ಪಕ್ಕದ ಜಮ್‌ಜಮ್ ಶಿಬಿರದಲ್ಲಿ ಬರಗಾಲವಿದೆ ಎಂದು 2024ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿ ದೃಢಪಡಿಸಿತು. ಅಲ್ ಫಾಶಿರ್ ನಗರಕ್ಕೆ ಆರ್.ಎಸ್.ಎಫ್. ಹಾಕಿದ ಮುತ್ತಿಗೆ 500 ದಿನಗಳನ್ನು ದಾಟಿತು. ಮುತ್ತಿದವರು ಊರಿನ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿದರು. ಒಳಗಿನ ಜನ ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯನ್ನು, ದನಕ್ಕೆ ಹಾಕುವ ಹಿಂಡಿಯನ್ನು, ತಿಂದು ಬದುಕಿದರು. 2025ರ ಅಕ್ಟೋಬರ್ 26ರಂದು ನಗರ ಬಿತ್ತು, ಕಗ್ಗೊಲೆ ನಡೆಯಿತು. ಎರಡು ನೈಲ್ ನದಿಗಳ ನಡುವಿನ ಗೆಜಿರಾ ಪ್ರದೇಶ ಜಗತ್ತಿನ ಅತಿ ದೊಡ್ಡ ನೀರಾವರಿ ಯೋಜನೆಗಳಲ್ಲಿ ಒಂದು. 2023ರ ಕೊನೆಯಲ್ಲಿ ಯುದ್ಧ ಅಲ್ಲಿಗೂ ನುಗ್ಗಿತು, ಅನ್ನ ಬೆಳೆಯುವ ನೆಲದ ಬೆಳೆಯೇ ಹೋಯಿತು.

ಈ ಸುದ್ದಿಯನ್ನು ಕಾನಕಾನಹಳ್ಳಿಯ ಪುಟಗಳ ಪಕ್ಕದಲ್ಲಿಟ್ಟು ಓದಿ. ಒಡೆದ ಏರಿ ಮತ್ತು ನಿಂತ ಕಾಲುವೆ, ಸುಟ್ಟ ಬಣವೆ ಮತ್ತು ಅಂಗಡಿಯಲ್ಲಿ ಉಳಿದ ಹಿಂಡಿ. 1791 ಮತ್ತು 2025 ಒಂದೇ ಎಂದು ನಾನು ಹೇಳುತ್ತಿಲ್ಲ. ಆಗ ಊರಿನವರ ಹಸಿವು ಬಹುಮಟ್ಟಿಗೆ ದಂಡು ನಡೆದದ್ದರ ಪರಿಣಾಮ. ಅಲ್ ಫಾಶಿರಿನಲ್ಲಿ ಹಸಿವೇ ಆಯುಧವಾಯಿತು, ದಿಬ್ಬ ಎಬ್ಬಿಸಿದ್ದು ಅದಕ್ಕೇ. ಇನ್ನೊಂದು ವ್ಯತ್ಯಾಸವೂ ಇದೆ. 1791ರಲ್ಲಿ ಬಂಡೆಯ ಮೇಲೆ ಓಡಿದವರ ಮಾತು ಒಂದೂ ಉಳಿಯಲಿಲ್ಲ. ಈಗ ಮುತ್ತಿಗೆಯೊಳಗಿನ ಹೆಂಗಸೊಬ್ಬಳು ಫೋನಿನಲ್ಲಿ ತನ್ನ ದಿನಚರಿಯನ್ನು ಹೇಳಬಲ್ಲಳು. ಅದು ನಮ್ಮ ಕೈಗೆ ಮುಟ್ಟುತ್ತದೆ, ನಾವು ಬೆರಳಿನಿಂದ ಸರಿಸಿ ಮುಂದೆ ಹೋಗುತ್ತೇವೆ. ಹಿಂದಿನವರಿಗೆ ಸಾಕ್ಷ್ಯ ಇರಲಿಲ್ಲ. ನಮಗೆ ಕೇಳುವ ವ್ಯವಧಾನವಿಲ್ಲ. ಇಂಥ ಕಾಲದಲ್ಲಿ ಗಟ್ಟಿಯಾಗಿ ಓದುವುದು, ಕೂತು ಕೇಳುವುದು ಒಂದು ನಾಗರಿಕ ಕರ್ತವ್ಯ ಎಂದು ನಾನು ಭಾವಿಸುತ್ತೇನೆ.

ಹತ್ತಿರದ ಯುದ್ಧಕ್ಕೂ ಈ ಮಾತು ಸಲ್ಲುತ್ತದೆ. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ನಡೆದ ನಾಲ್ಕು ದಿನಗಳ ಕಾಳಗದಲ್ಲಿ ನಮ್ಮ ಪರದೆಗಳ ಮೇಲೆ ಕ್ಷಿಪಣಿ, ವಿಮಾನಗಳ ಲೆಕ್ಕ ಬಂತು. ಗಡಿಯ ಪೂಂಛ್‌ನಲ್ಲಿ ಶೆಲ್ ಬಿದ್ದು ಸತ್ತ ನಾಗರಿಕರ ಮನೆಗಳಿಗೆ ಅಷ್ಟೇ ಹೊತ್ತು ಕೊಟ್ಟ ಚಾನೆಲ್ ಎಷ್ಟಿದ್ದವು? ನಮ್ಮ ದೇಶವನ್ನು ಪ್ರೀತಿಸುವುದಕ್ಕೂ ಈ ಪ್ರಶ್ನೆ ಕೇಳುವುದಕ್ಕೂ ವಿರೋಧವಿಲ್ಲ. ಪೂಂಛ್ ಕೂಡ ನಮ್ಮ ದೇಶವೇ.

ಮುಗಿಸುವ ಮೊದಲು ಈ ಸಂಸ್ಥೆಯ ಮುಂದೆ ಒಂದು ಕೋರಿಕೆ ಇಡುತ್ತೇನೆ. ಈ ದತ್ತಿಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ಉಪನ್ಯಾಸ ನಡೆಯುತ್ತದೆ. ಅದರ ಜೊತೆಗೆ ವರ್ಷಕ್ಕೊಮ್ಮೆ ಒಂದು ಓದು ನಡೆಯಲಿ: ಹಳೆಯ ಯುದ್ಧದ ಕೆಲವು ಪುಟ, ಇಂದಿನ ಯುದ್ಧದ ಕೆಲವು ಪುಟ. ಪ್ರತಿ ಸಲವೂ ಕೇಳುಗರ ಕೈಯಲ್ಲಿ ನಾಲ್ಕೇ ಪ್ರಶ್ನೆಗಳ ಒಂದು ಚೀಟಿ ಇರಲಿ. ನೀರಿಗೆ ಏನಾಯಿತು? ಧಾನ್ಯಕ್ಕೆ ಏನಾಯಿತು? ದನಕರುಗಳಿಗೆ ಏನಾಯಿತು? ಯಾರ ಸಾವನ್ನು ಒಂದೊಂದಾಗಿ ಎಣಿಸಿದ್ದಾರೆ, ಯಾರದನ್ನು ಅಂದಾಜಿಗೆ ಬಿಟ್ಟಿದ್ದಾರೆ? ಇದರ ಜೊತೆಗೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇರುವ ನಿವೃತ್ತ ಸೈನಿಕರು, ಅವರ ಪತ್ನಿಯರು, ಉಕ್ರೇನಿನಿಂದ ಓದು ಬಿಟ್ಟು ಓಡಿಬಂದ ವೈದ್ಯಕೀಯ ವಿದ್ಯಾರ್ಥಿಗಳು, ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರು, ಇವರ ಮಾತನ್ನು ಅವರು ಒಪ್ಪಿದರೆ ಧ್ವನಿಮುದ್ರಿಸಿ ಗ್ರಂಥಾಲಯದಲ್ಲಿಡಿ. ಅದಕ್ಕೆ ಬೇಕಾಗುವುದು ಒಂದು ಫೋನು, ಒಂದು ಕಪಾಟು, ಕೇಳಲು ಬಲ್ಲ ಹತ್ತು ಮಂದಿ ವಿದ್ಯಾರ್ಥಿಗಳು. ಕಾಲೇಜಿಗೆ ಇದು ಭಾರವಲ್ಲ. ಮುಂದಿನ ತಲೆಮಾರು ನಮ್ಮ ಕಾಲದ ಯುದ್ಧಗಳ ಬಗ್ಗೆ ಓದುವಾಗ ಬರೀ ಸೇನಾಧಿಕಾರಿಯ ಪುಸ್ತಕವನ್ನೇ ನೆಚ್ಚಿಕೊಳ್ಳಬೇಕಾದ ಗತಿ ಅವರಿಗೆ ಬರಬಾರದು.